ಉಗಾಂಡದಲ್ಲಿ ಎರಡು ವರ್ಷದ ಸ್ವಯಂಸೇವೆ: ಪೆಟ್ಟಿಗೆಯಲ್ಲಿ ಏನಿರಬೇಕು?

ಪ್ರಶ್ನೆ: ಗಂಗಾವತಿಯಿಂದ

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವಳು, ಆರು ವರ್ಷಗಳಿಂದ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಸ್ವಯಂಸೇವಾ ಸಂಸ್ಥೆಯೊಂದರ ಮೂಲಕ ಉತ್ತರ ಉಗಾಂಡದ ಗುಲು ನಗರದ ಸಮೀಪದ ಆರೋಗ್ಯ ಕೇಂದ್ರದಲ್ಲಿ ಎರಡು ವರ್ಷ ಸೇವೆ ಸಲ್ಲಿಸಲು ಆಯ್ಕೆಯಾಗಿದ್ದು, ಹೊರಡಲು ಇನ್ನು ಏಳು ವಾರಗಳಿವೆ. ನನ್ನ ಟಿಕೆಟಿನಲ್ಲಿ ತಲಾ 23 ಕಿಲೋದ ಎರಡು ಪೆಟ್ಟಿಗೆಗಳಿಗೂ 7 ಕಿಲೋದ ಒಂದು ಕೈಚೀಲಕ್ಕೂ ಅವಕಾಶವಿದೆ. ಅವ್ವ ಈಗಾಗಲೇ ಐದು ಕಿಲೋ ಸೋನಾಮಸೂರಿ, ಎರಡು ಕಿಲೋ ತೊಗರಿಬೇಳೆ, ಶೇಂಗಾ, ಗುರೆಳ್ಳು ಮತ್ತು ಅಗಸಿಯ ಚಟ್ನಿಪುಡಿ, ಒಣಕೊಬ್ಬರಿ, ಕುಕ್ಕರ್ ಎಲ್ಲವನ್ನೂ ತೆಗೆದಿರಿಸಿದ್ದಾಳೆ. ಅವಳು ಅಕ್ಕರೆಯಿಂದ ಕೂಡಿಸಿದ್ದನ್ನು ಬೇಡವೆನ್ನಲು ನನಗೆ ಮನಸ್ಸಾಗುತ್ತಿಲ್ಲ, ಆದರೆ ಬಟ್ಟೆಗೂ ಪುಸ್ತಕಕ್ಕೂ ಜಾಗ ಉಳಿಯುವಂತೆಯೂ ಕಾಣುತ್ತಿಲ್ಲ. ಅಲ್ಲಿ ಇದ್ದು ಬಂದವರು ಯಾವುದು ಅಲ್ಲಿ ಸಿಗುತ್ತದೆ, ಯಾವುದನ್ನು ಇಲ್ಲಿಂದಲೇ ಒಯ್ಯಬೇಕು ಎಂಬುದನ್ನು ದಯವಿಟ್ಟು ತಿಳಿಸಬೇಕು.

ಉತ್ತರ: ಬಳ್ಳಾರಿಯಿಂದ

ತಂಗಿ, ನಾನು ಗುಲುವಿನಲ್ಲಿಯೇ ಎರಡು ವರ್ಷ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದು ಬಂದವಳು. ನನ್ನ ಅನುಭವದಲ್ಲಿ ಉಳಿದ ಮಾತು ಇದೊಂದೇ: ನಿಮ್ಮ ಮೈಗೆ ಮಾತ್ರ ಒಗ್ಗುವಂಥದ್ದನ್ನು ಇಲ್ಲಿಂದ ಒಯ್ಯಿರಿ, ಯಾರಿಗಾದರೂ ಆಗಿಬರುವಂಥದ್ದನ್ನು ಅಲ್ಲಿಯ ಸಂತೆಯಲ್ಲಿ ಕೊಳ್ಳಿರಿ. ಕನ್ನಡಕ, ಪಾದಕ್ಕೆ ಹೊಂದಿದ ಚಪ್ಪಲಿ ಮತ್ತು ಬೂಟು, ಒಳ ಉಡುಪು, ನೀವು ದಿನವೂ ನುಂಗುವ ಮಾತ್ರೆ, ನಿಮ್ಮ ಕಿವಿಗೆ ರೂಢಿಯಾದ ಸ್ಟೆತಾಸ್ಕೋಪ್, ಇವು ಮೊದಲ ಗುಂಪಿಗೆ ಸೇರುತ್ತವೆ. ಬಕೆಟ್ಟು, ಪಾತ್ರೆ, ಹೊದಿಕೆ, ಸೊಳ್ಳೆಪರದೆ, ಸೋಪು ಎಲ್ಲವೂ ಅಲ್ಲಿ ದೊರೆಯುತ್ತವೆ.

ಕನ್ನಡಕವನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ಮೂರನೆಯ ತಿಂಗಳಲ್ಲಿ, ಅಲ್ಲಿ ಬೋಡಾ ಬೋಡಾ ಎಂದು ಕರೆಯುವ ಬಾಡಿಗೆ ಬೈಕಿನಿಂದ ಇಳಿಯುವಾಗ ನನ್ನ ಕನ್ನಡಕ ಕಲ್ಲಿನ ಮೇಲೆ ಬಿದ್ದು ಒಂದು ಗಾಜು ಉದ್ದಕ್ಕೆ ಸೀಳಿತು. ನನ್ನ ನಂಬರಿನ ಗಾಜು ರಾಜಧಾನಿ ಕಂಪಾಲಾದಿಂದಲೇ ಬರಬೇಕಾಗಿತ್ತು. ಆ ಊರು ಅಲ್ಲಿಗೆ 330 ಕಿಲೋಮೀಟರಿನಷ್ಟು ದೂರ. ಹನ್ನೆರಡು ದಿನ ಸೀಳಿದ ಗಾಜಿನಲ್ಲಿಯೇ ಪಾಠ ಮಾಡಿದೆ, ಬೋರ್ಡಿನ ಮೇಲೆ ನಾನೇ ಬರೆದ ಗೆರೆ ನನಗೆ ಎರಡಾಗಿ ಕಾಣುತ್ತಿತ್ತು. ಆದ್ದರಿಂದ ಎರಡನೆಯ ಜೊತೆಯನ್ನು ಇಲ್ಲಿಯೇ ಮಾಡಿಸಿಕೊಂಡು, ನಂಬರಿನ ಚೀಟಿಯನ್ನು ಮೊಬೈಲಿನಲ್ಲಿಯೂ ಇಟ್ಟುಕೊಳ್ಳಿರಿ. ಬೋಡಾದ ಹಿಂದೆ ಕೂರುವವರಿಗೆ ಹೆಲ್ಮೆಟ್ ಸಿಗುವುದು ಅಪರೂಪವಾದ್ದರಿಂದ ತಲೆಗೆ ಸರಿಹೊಂದುವ ಒಂದನ್ನು ಒಯ್ದರೆ ಅದು ತಿನ್ನುವ ಜಾಗ ವ್ಯರ್ಥವಲ್ಲ, ಅದರೊಳಗೆ ಕಾಲುಚೀಲಗಳನ್ನು ತುಂಬಬಹುದು.

ಬಟ್ಟೆಯ ವಿಷಯದಲ್ಲಿ ನಮಗೆ ಇಲ್ಲಿ ಹೊಳೆಯದ ಸಂಗತಿಯೊಂದಿದೆ. ಒಗೆದ ಬಟ್ಟೆಯನ್ನು ಹೊರಗೆ ಹರವಿದರೆ, ಮ್ಯಾಂಗೋ ಫ್ಲೈ ಎಂಬ ನೊಣವು ಒದ್ದೆ ಬಟ್ಟೆಯಲ್ಲಿ ಮೊಟ್ಟೆಯಿಡುತ್ತದೆ. ಆ ಬಟ್ಟೆ ತೊಟ್ಟಾಗ ಮರಿಹುಳು ಚರ್ಮದೊಳಗೆ ಸೇರಿ ಕುರುವಿನಂತೆ ಊದಿಕೊಳ್ಳುತ್ತದೆ. ಇದಕ್ಕೆ ಮದ್ದು ಕಾದ ಇಸ್ತ್ರಿಯೇ. ನಾನಿದ್ದ ಮನೆಯ ಹುಡುಗಿ ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆಯನ್ನು ಲಂಗದ ಲಾಡಿ, ತೋಳಿನ ಅಂಚು, ಹೊಲಿಗೆಯ ಮಡಿಕೆ ಯಾವುದನ್ನೂ ಬಿಡದೆ ಒತ್ತಿ ಒತ್ತಿ ಎಳೆಯುತ್ತಿದ್ದಳು. ಹೀಗಾಗಿ ಕಾವು ತಾಳುವ ಹತ್ತಿಯ ಚೂಡಿದಾರಗಳನ್ನು ಆರಿಸಿರಿ, ನೈಲಾನ್ ಬೇಡ. ನಮ್ಮ ಬಳ್ಳಾರಿಯ ಜೀನ್ಸ್ ಬಗ್ಗೆ ನನಗೆ ಅಭಿಮಾನವಿದೆ, ಆದರೂ ಅದು ತೂಕ ಹೆಚ್ಚು, ಏಪ್ರಿಲಿನಿಂದ ಅಕ್ಟೋಬರಿನವರೆಗಿನ ಮಳೆಗಾಲದಲ್ಲಿ ಬೇಗ ಆರುವುದಿಲ್ಲ, ಒಂದೇ ಸಾಕು. ಸೈನಿಕರ ಸಮವಸ್ತ್ರದಂತಹ ಹಸಿರು ಚುಕ್ಕೆಯ ಪ್ಯಾಂಟು, ಚೀಲ ಯಾವುದನ್ನೂ ಒಯ್ಯಬೇಡಿರಿ, ನಾಗರಿಕರು ಅದನ್ನು ತೊಡುವುದು ಅಲ್ಲಿ ಅಪರಾಧ.

ಇನ್ನು ಅವ್ವನ ಗಂಟು. ಅಕ್ಕಿ, ಬೇಳೆ ಎರಡನ್ನೂ ಧೈರ್ಯವಾಗಿ ಬಿಡಿರಿ. ಗುಲು ಸುತ್ತಮುತ್ತ ತೊಗರಿ ಬೆಳೆಯುತ್ತಾರೆ, ಅದನ್ನು ಲಪೇನಾ ಎನ್ನುತ್ತಾರೆ. ಹುರಿದ ಶೇಂಗಾ, ಎಳ್ಳು ಅರೆದು ಒಡೀ ಎಂಬ ಗಟ್ಟಿ ಚಟ್ನಿಯಂಥದ್ದನ್ನು ಮಾಡುತ್ತಾರೆ. ಮೊದಲ ಸಲ ಅದನ್ನು ಮುದ್ದೆಯಂತಹ ಊಟದೊಡನೆ ತಿಂದಾಗ ನಮ್ಮ ಸೀಮೆಯವರೇ ಬಡಿಸಿದರೆನ್ನುವಷ್ಟು ಸಂತೋಷವಾಯಿತು. ಗುರೆಳ್ಳು ಚಟ್ನಿಪುಡಿಯನ್ನು ಮಾತ್ರ ಖಂಡಿತ ಒಯ್ಯಿರಿ, ಜ್ವರ ಬಂದು ನಾಲಿಗೆ ಕೆಟ್ಟ ದಿನ ಅದರ ಬೆಲೆ ತಿಳಿಯುತ್ತದೆ.

ಉತ್ತರ: ರಾಯಚೂರಿನಿಂದ

ಮೇಲಿನ ಸಹೋದರಿಯವರು ಪೆಟ್ಟಿಗೆಯ ವಿಷಯ ಹೇಳಿದ್ದಾರೆ, ನಾನು ಕೈಚೀಲದ ವಿಷಯ ಹೇಳುತ್ತೇನೆ, ಏಕೆಂದರೆ ನನ್ನ ಮಗ ಅದೇ ದೇಶಕ್ಕೆ ಹೊರಟಾಗ ನಾವು ಕಷ್ಟಪಟ್ಟದ್ದು ಅದರಲ್ಲಿಯೇ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಉಗಾಂಡಕ್ಕೆ ಹೋಗಬಾರದು. ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು, ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಮಗ ಬೆಂಗಳೂರಿಗೆ ಹೋದ ಮೊದಲ ದಿನ ಅಲ್ಲಿ ಲಸಿಕೆ ಹಾಕುವ ದಿನವಾಗಿರಲಿಲ್ಲ, ವಸತಿ ಮಾಡಿ ಮರುದಿನ ಹಾಕಿಸಿಕೊಂಡ. ಮೊದಲೇ ದಿನ ಗೊತ್ತುಮಾಡಿಕೊಂಡು ರೈಲು ಹತ್ತಿರಿ. 2016ರ ಜುಲೈನಿಂದ ಆ ಪ್ರಮಾಣಪತ್ರ ಜೀವನಪರ್ಯಂತ ಮಾನ್ಯವಾಗಿದೆ. ಮರಳಿ ಬರುವಾಗಲೂ ನಮ್ಮ ವಿಮಾನ ನಿಲ್ದಾಣದಲ್ಲಿ ಅದನ್ನು ಕೇಳುತ್ತಾರೆ, ಇಲ್ಲದಿದ್ದರೆ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆದ್ದರಿಂದ ಅದು ಪಾಸ್‌ಪೋರ್ಟಿನೊಡನೆಯೇ ಇರಲಿ.

ನರ್ಸಿಂಗ್ ನೋಂದಣಿ ಮತ್ತು ಪದವಿಯ ಮೂಲಪತ್ರಗಳು, ಔಷಧದ ರಾಸಾಯನಿಕ ಹೆಸರು ಬರೆದ ವೈದ್ಯರ ಚೀಟಿ, ಪವರ್ ಬ್ಯಾಂಕು, ಇವೆಲ್ಲ ಕೈಚೀಲದಲ್ಲಿರಲಿ. ಪವರ್ ಬ್ಯಾಂಕನ್ನು ಲಗೇಜಿಗೆ ಹಾಕಿದರೆ ತೆರೆಸಿ ತೆಗೆಸುತ್ತಾರೆ. ವಿದ್ಯುತ್ತು ಹೆಚ್ಚುಕಡಿಮೆ ನಮ್ಮಂತೆಯೇ, 50 ಹರ್ಟ್ಸ್, 240 ವೋಲ್ಟ್, ಆದರೆ ಪ್ಲಗ್ಗಿಗೆ ಮೂರು ಚಪ್ಪಟೆ ಮುಳ್ಳು. ಒಂದು ಅಡಾಪ್ಟರ್, ಇಲ್ಲಿಯ ಒಂದು ಎಕ್ಸ್‌ಟೆನ್ಶನ್ ಬೋರ್ಡ್ ಇದ್ದರೆ ಎಲ್ಲ ಚಾರ್ಜರುಗಳೂ ನಡೆಯುತ್ತವೆ. ಡಾಲರ್ ಒಯ್ಯುವುದಾದರೆ ಹೊಸ ನೋಟುಗಳನ್ನೇ ಕೇಳಿ ಪಡೆಯಿರಿ, ಹಳೆಯ ಅಥವಾ ಕಲೆಯಾದ ನೋಟನ್ನು ಅಲ್ಲಿ ಮುಟ್ಟುವುದಿಲ್ಲ. ಮಲೇರಿಯಾ ತಡೆಯ ಮಾತ್ರೆಯನ್ನು ಎರಡು ವರ್ಷ ಹೇಗೆ ಮುಂದುವರಿಸಬೇಕೆಂಬುದನ್ನು ಹೊರಡುವ ಮೊದಲೇ ವೈದ್ಯರೊಡನೆ ಕುಳಿತು ಮಾತನಾಡಮ್ಮ, ನೀನು ನರ್ಸ್ ಆಗಿದ್ದರೂ ನಿನ್ನ ಸಲುವಾಗಿ ಮಾತನಾಡುವುದು ಬೇರೆ.

ಉತ್ತರ: ಕೊಪ್ಪಳದಿಂದ

ಒಂದು ಸಣ್ಣ ಸೂಚನೆ. ಒಣಕೊಬ್ಬರಿಯ ಬಟ್ಟಲುಗಳನ್ನು ಪೆಟ್ಟಿಗೆಯಲ್ಲಾಗಲಿ ಕೈಚೀಲದಲ್ಲಾಗಲಿ ಇಡಬೇಡಿರಿ, ಎಣ್ಣೆಯಂಶ ಹೆಚ್ಚಿದ್ದು ಬೇಗ ಬೆಂಕಿ ಹಿಡಿಯುವುದರಿಂದ ತಪಾಸಣೆಯಲ್ಲಿ ತೆಗೆಸುತ್ತಾರೆ. ಸಜ್ಜಿರೊಟ್ಟಿ ಒಯ್ಯುವುದಾದರೆ ಸ್ಟೀಲ್ ಡಬ್ಬಿಯಲ್ಲಿ ನಡುನಡುವೆ ಕಾಗದ ಹಾಕಿ ಇಡಿರಿ, ಇಲ್ಲವಾದರೆ ಪುಡಿಯಾಗುತ್ತದೆ.

ಗಂಗಾವತಿಯಿಂದ, ಎರಡು ದಿನಗಳ ನಂತರ

ಅಕ್ಕ, ಹಿರಿಯರೇ, ಎಲ್ಲರಿಗೂ ಕೃತಜ್ಞತೆಗಳು. ಎರಡನೆಯ ಕನ್ನಡಕಕ್ಕೆ ಹೇಳಿ ಬಂದಿದ್ದೇನೆ, ಲಸಿಕೆಯ ದಿನವನ್ನೂ ಫೋನಿನಲ್ಲಿ ವಿಚಾರಿಸಿ ಗೊತ್ತುಮಾಡಿಕೊಂಡಿದ್ದೇನೆ. ಅಕ್ಕ ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಅಲ್ಲಿಯೂ ತೊಗರಿ ಬೆಳೆಯುತ್ತಾರೆಂದು ಕೇಳಿ ಬಹಳ ಹೊತ್ತು ಸುಮ್ಮನಿದ್ದು, ಬೇಳೆಯ ಚೀಲವನ್ನು ತಾನೇ ಎತ್ತಿ ಮರಳಿ ಅಡುಗೆಮನೆಯಲ್ಲಿಟ್ಟಳು. ಅಕ್ಕಿಯನ್ನೂ ಕುಕ್ಕರನ್ನೂ ಬಿಡಲು ಒಪ್ಪಿದ್ದಾಳೆ. ಗುರೆಳ್ಳನ್ನು ಮಾತ್ರ ಒಂದು ಕಿಲೋ ಬದಲು ಎರಡು ಕಿಲೋ ಕುಟ್ಟುತ್ತಾಳಂತೆ.