ಎಂಆರ್‌ಐ ನಾರ್ಮಲ್, ಆದ್ರೂ ಪಾರ್ಕಿನ್ಸನ್ ಅಂತಾರೆ. ಟ್ರೋಡ್ಯಾಟ್ ಸ್ಕ್ಯಾನ್ ಬೇಕಾ?

ವಿರಾಜಪೇಟೆ ಫಿಸಿಯೋ:
ನಮಸ್ಕಾರ. 71 ವರ್ಷದ ಕಾಫಿ ಬೆಳೆಗಾರರೊಬ್ಬರ ವಿಚಾರ. ಒಂದೂವರೆ ವರ್ಷದಿಂದ ಬಲಗೈ ನಡುಕ. ಸುಮ್ಮನೆ ಕೂತಾಗಲೂ ಇದೆ, ಲೋಟ ಎತ್ತುವಾಗಲೂ ಇದೆ. ನಡೆಯುವಾಗ ಬಲಗೈ ಬೀಸುವುದು ಕಡಿಮೆ. 1.5 ಟೆಸ್ಲಾ (ಮ್ಯಾಗ್ನೆಟ್ ಬಲದ ಅಳತೆ) ಎಂಆರ್‌ಐ ಆಗಿದೆ. ವಯಸ್ಸಿಗೆ ತಕ್ಕ ಸವಕಳಿ ಬಿಟ್ಟರೆ ಬೇರೇನೂ ಇಲ್ಲ ಅಂತ ರಿಪೋರ್ಟ್. ನ್ಯೂರಾಲಜಿಸ್ಟ್ ಪಾರ್ಕಿನ್ಸನ್ ಅಂತಲೇ ಲೆವೊಡೋಪಾ (ಚಲನೆಗೆ ಬೇಕಾದ ಡೋಪಮಿನ್ ರಾಸಾಯನಿಕವಾಗಿ ಮಿದುಳಿನಲ್ಲಿ ಬದಲಾಗುವ ಮಾತ್ರೆ) ಶುರು ಮಾಡಿದ್ದಾರೆ. ಆದರೆ ಎಸೆನ್ಷಿಯಲ್ ಟ್ರೆಮರ್ (ಪಾರ್ಕಿನ್ಸನ್ ಅಲ್ಲದ ನಡುಕದ ಕಾಯಿಲೆ) ಕೂಡ ಇರಬಹುದು, ಟ್ರೋಡ್ಯಾಟ್ (ಮಿದುಳಿನ ಡೋಪಮಿನ್ ನರತುದಿಗಳನ್ನು ನೋಡುವ ಸ್ಕ್ಯಾನ್) ಮಾಡಿಸಿ ಅಂದಿದ್ದಾರೆ. ಮಾತ್ರೆಯಿಂದ ಎರಡು ತಿಂಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಎಂಆರ್‌ಐನಲ್ಲಿ ಕಾಣದ ಕಾಯಿಲೆ ಇನ್ನೊಂದು ಸ್ಕ್ಯಾನ್‌ನಲ್ಲಿ ಹೇಗೆ ಕಾಣುತ್ತೆ ಅಂತ ಮನೆಯವರು ಕೇಳುತ್ತಿದ್ದಾರೆ. 3 ಟೆಸ್ಲಾದಲ್ಲಿ ಮತ್ತೆ ಎಂಆರ್‌ಐ ಮಾಡಿಸಿದರೆ ಸಾಲದಾ? ಟ್ರೋಡ್ಯಾಟ್‌ಗೆ ಮಾತ್ರೆ ನಿಲ್ಲಿಸಬೇಕಾ? ಘಾಟಿ ಇಳಿದು ಹೋಗಿ ಬರೋದು ಅವರಿಗೆ ಸುಲಭವಲ್ಲ, ಒಂದೇ ಸಲಕ್ಕೆ ಕೆಲಸ ಆಗಬೇಕು.

ಎಂಆರ್ ಕನ್ಸೋಲ್:
ಪಾರ್ಕಿನ್ಸನ್‌ನಲ್ಲಿ ಮಾಮೂಲಿ ಎಂಆರ್‌ಐ ನಾರ್ಮಲ್ ಬರುವುದೇ ಹೆಚ್ಚು. ಅದನ್ನು ಮಾಡಿಸುವುದು ಪಾರ್ಕಿನ್ಸನ್ ಹುಡುಕೋಕಲ್ಲ, ಅದರಂತೆ ಕಾಣುವ ಬೇರೆಯವನ್ನು ತಳ್ಳಿಹಾಕೋಕೆ. ಬಿದ್ದ ಮೇಲೆ ತಲೆಯೊಳಗೆ ನಿಧಾನ ಕಟ್ಟಿಕೊಂಡ ರಕ್ತ, ಗಡ್ಡೆ, ಮಿದುಳಿನ ಕುಹರಗಳಲ್ಲಿ ನೀರು ತುಂಬಿ ಹಿಗ್ಗುವುದು, ಸಾಲುಸಾಲು ಸಣ್ಣ ಸ್ಟ್ರೋಕ್‌ಗಳು, ಇಂಥವು. ಇವುಗಳಲ್ಲಿ ಹೆಚ್ಚಿನವಕ್ಕೆ ಸಿಟಿ ಸ್ಕ್ಯಾನ್ ಕೂಡ ಸಾಕು. ಮಿದುಳಕಾಂಡ ನೋಡಬೇಕಾದರೆ ಮಾತ್ರ ಎಂಆರ್‌ಐ ಬೇಕೇ ಬೇಕು.

ನಿಮ್ಮಲ್ಲಿರುವ ಸಿಡಿಯನ್ನೇ ಮೊದಲು ಸರಿಯಾಗಿ ಓದಿಸಿ. ನಟ್ಟನಡುವೆ ಪಕ್ಕದಿಂದ ತೆಗೆದ ಟಿ1 ಚಿತ್ರದಲ್ಲಿ ಮಧ್ಯಮಿದುಳಿನ ಮೇಲಂಚು ಉಬ್ಬಿದೆಯೋ ತಗ್ಗಿದೆಯೋ ನೋಡಬೇಕು. ಅದು ಸವೆದು ಮುಂದಕ್ಕೆ ಕೊಕ್ಕಿನಂತೆ ಚೂಪಾಗಿದ್ದರೆ ಹಮ್ಮಿಂಗ್‌ಬರ್ಡ್ ಗುರುತು ಅಂತಾರೆ. (ಆ ಹಕ್ಕಿ ನಮ್ಮಲ್ಲಿಲ್ಲ. ತೋಟದ ಸೂರಕ್ಕಿಯನ್ನು ನೆನಪಿಸಿಕೊಂಡರೂ ನಡೆಯುತ್ತೆ.) ಅದು ಪಿಎಸ್‌ಪಿ ಎಂಬ ಬೇರೆಯೇ ಕಾಯಿಲೆಯ ಸುಳಿವು: ಬೇಗ ಬೇಗ ಹಿಂದಕ್ಕೆ ಬೀಳುವುದು, ಕಣ್ಣು ಕೆಳಗೆ ಹೊರಳದಿರುವುದು. ಪಾನ್ಸ್‌ನ (ಮಿದುಳಕಾಂಡದ ನಡುಭಾಗ) ಅಡ್ಡಸೀಳಿನಲ್ಲಿ ಕೂಡಿಸುವ ಗುರುತಿನಂತೆ ಬಿಳಿ ಗೆರೆ ಕಂಡರೆ ಎಂಎಸ್‌ಎ ಎಂಬ ಇನ್ನೊಂದು ಕಾಯಿಲೆಯ ಅನುಮಾನ. ಹಾಳೆಯಲ್ಲಿ 'ಬೇರೇನೂ ಇಲ್ಲ' ಅಂತಿದ್ದರೂ ಇದನ್ನು ಯಾರಾದರೂ ಬೇಕೆಂದೇ ನೋಡಿದ್ದಾರಾ ಎಂಬುದು ಬೇರೆ ಮಾತು. ಸ್ಕ್ಯಾನ್ ಚೀಟಿಯಲ್ಲಿ ಬರೀ 'ತಲೆ ಎಂಆರ್‌ಐ' ಅಂತ ಬರೆದಿದ್ದರೆ ರೇಡಿಯಾಲಜಿಸ್ಟ್‌ಗೆ ಏನು ಹುಡುಕಬೇಕೆಂದೇ ತಿಳಿಯೋದಿಲ್ಲ.

3 ಟೆಸ್ಲಾದಿಂದ ಸಿಗುವ ಹೆಚ್ಚಿನ ವಿಷಯ ಒಂದೇ, ಎಸ್‌ಡಬ್ಲ್ಯುಐ ಎಂಬ ಬಗೆಯ ಚಿತ್ರದಲ್ಲಿ ನೈಗ್ರೋಸೋಮ್ ಎಂಬ ಸಣ್ಣ ಜಾಗ. ಸಬ್‌ಸ್ಟಾನ್ಷಿಯಾ ನೈಗ್ರಾದ (ಮಧ್ಯಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಭಾಗ) ಹಿಂಬದಿಯಲ್ಲಿ ಆರೋಗ್ಯವಂತರಿಗೆ ಕವಲುಬಾಲದಂಥ ಬಿಳಿ ಗೆರೆ ಕಾಣುತ್ತೆ, ಪಾರ್ಕಿನ್ಸನ್‌ನಲ್ಲಿ ಅದು ಅಳಿಸಿಹೋಗಿರುತ್ತೆ. 1.5 ಟೆಸ್ಲಾದಲ್ಲಿ ಅದನ್ನು ನಂಬುವಂತಿಲ್ಲ. 3ರಲ್ಲೂ ತಲೆ ಒಂದಿಷ್ಟು ಅಲುಗಿದರೆ ಗೆರೆ ಮಾಯ, ಆಗ ಇಲ್ಲದ ಕಾಯಿಲೆಯನ್ನು ಇದೆ ಅಂತ ಓದುವ ಅಪಾಯ ಇದೆ. ಕೈ ನಡುಗಿದರೆ ಭುಜ, ಭುಜದಿಂದ ತಲೆ. ಆದ್ದರಿಂದ ಲೆವೊಡೋಪಾ ಮಾತ್ರೆ ನುಂಗಿ ಮುಕ್ಕಾಲು ಗಂಟೆ, ಒಂದು ಗಂಟೆ ಆದ ಮೇಲೆ ಮಲಗಿಸಬೇಕು, ಮೊಣಕೈ ಕೆಳಗೆ ದಿಂಬು ಕೊಟ್ಟು, ತಲೆಯ ಎರಡೂ ಪಕ್ಕ ಸ್ಪಂಜ್ ಬಿಗಿಯಾಗಿ ತುರುಕಬೇಕು. ಎಂಆರ್‌ಐ ಇದ್ದ ದಿನ ಡೋಸ್ ತಪ್ಪಿಸಿ ಬರುವವರೇ ಜಾಸ್ತಿ.

ಕೊಡಗಿನವರಿಗೆ ಇನ್ನೊಂದು ಮಾತು. ಹಳೇ ಬೇಟೆಯ ಕಾಲದ ಕೋವಿಯ ಚರೆ ಮೈಯಲ್ಲಿ ಉಳಿದಿದ್ದರೆ ಫಾರ್ಮ್ ತುಂಬುವಾಗಲೇ ಹೇಳಿ. ಸೀಸದ ಚರೆಯನ್ನು ಮ್ಯಾಗ್ನೆಟ್ ಎಳೆಯೋದಿಲ್ಲ, ಉಕ್ಕಿನದನ್ನು ಎಳೆಯುತ್ತೆ. ಮೊದಲು ಎಕ್ಸ್‌ರೇ ತೆಗೆದು ರೇಡಿಯಾಲಜಿಸ್ಟ್ ತೀರ್ಮಾನಿಸುತ್ತಾರೆ. ಕಣ್ಣಿನ ಹತ್ತಿರ ಇದ್ದರಂತೂ ಮುಚ್ಚಿಡಲೇಬೇಡಿ.

ಗಾಮಾ ಕ್ಯಾಮೆರಾ:
ಟ್ರೋಡ್ಯಾಟ್ ಬಗ್ಗೆ ನಾನು ಹೇಳ್ತೀನಿ. ಎಂಆರ್‌ಐ ಮನೆಯ ಗೋಡೆ ನೋಡಿದರೆ ಇದು ವೈರಿಂಗ್‌ನಲ್ಲಿ ಕರೆಂಟ್ ಇದೆಯಾ ನೋಡುತ್ತೆ. ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು ಸೇರಿಸಿದ ಔಷಧವನ್ನು ರಕ್ತನಾಳಕ್ಕೆ ಕೊಡ್ತೇವೆ, ಸಾಮಾನ್ಯವಾಗಿ 20ರಿಂದ 25 ಮಿಲಿಕ್ಯೂರಿ. ಅದು ಸ್ಟ್ರೈಯೇಟಮ್‌ನಲ್ಲಿ (ಚಲನೆ ನಿಯಂತ್ರಿಸುವ ಮಿದುಳಿನ ಒಳಭಾಗ) ಡೋಪಮಿನ್ ನರತುದಿಗಳ ಟ್ರಾನ್ಸ್‌ಪೋರ್ಟರ್‌ಗೆ (ಡೋಪಮಿನ್ ವಾಪಸ್ ಒಳಗೆಳೆಯುವ ಪ್ರೋಟೀನ್) ಹೋಗಿ ಅಂಟಿಕೊಳ್ಳುತ್ತೆ. ತುದಿಗಳಿದ್ದರೆ ಬೆಳಕು, ಹೋಗಿದ್ದರೆ ಕತ್ತಲು. ಸರಿಯಿದ್ದವರಲ್ಲಿ ಎರಡೂ ಬದಿ ಅಲ್ಪವಿರಾಮದ ಆಕಾರ. ಪಾರ್ಕಿನ್ಸನ್‌ನಲ್ಲಿ ಮೊದಲು ಬಾಲ ಹೋಗುತ್ತೆ (ಸ್ಟ್ರೈಯೇಟಮ್‌ನ ಪ್ಯುಟಮೆನ್ ಎಂಬ ಭಾಗದ ಹಿಂಬದಿ), ಉಳಿಯುವುದು ಪೂರ್ಣವಿರಾಮದಂಥ ಚುಕ್ಕೆ. ಇವರಿಗೆ ಬಲಗೈ ಆದ್ದರಿಂದ ಎಡಬದಿ ಹೆಚ್ಚು ಮಂಕಾಗಿರಬೇಕು. ನಡುಕ ಹೊರಗೆ ಕಾಣುವ ಹೊತ್ತಿಗೆ ಆ ಜಾಗದ ತುದಿಗಳು ಸುಮಾರು ಅರ್ಧ ಹೋಗಿರುತ್ತವೆ, ಹಾಗಾಗಿ ಸ್ಕ್ಯಾನ್‌ನಲ್ಲಿ ತಪ್ಪಿಸಿಕೊಳ್ಳುವುದು ಕಡಿಮೆ.

ಇಂಜೆಕ್ಷನ್ ಆಗಿ 3-4 ಗಂಟೆ ಕಾಯಬೇಕು. ಆಮೇಲೆ ಅರ್ಧದಿಂದ ಮುಕ್ಕಾಲು ಗಂಟೆ ಕ್ಯಾಮೆರಾ ಕೆಳಗೆ. ಹಣೆಗೂ ಗದ್ದಕ್ಕೂ ಪಟ್ಟಿ ಕಟ್ಟಿರ್ತಾರೆ, ಕ್ಯಾಮೆರಾದ ಎರಡು ತಲೆಗಳು ಕಿವಿಗೆ ತಾಗಿದಷ್ಟು ಹತ್ತಿರ ಬಂದು ಸುತ್ತುತ್ತವೆ. ಅಷ್ಟು ಹತ್ತಿರ ಬರದಿದ್ದರೆ ಚಿತ್ರ ಮಸುಕು. ತೋಟದ ಕೆಲಸದಿಂದ ಭುಜ ಅಗಲ ಇರುವವರಿಗೆ ಇಲ್ಲೇ ತೊಂದರೆ. ತಲೆ ಒಂದು ಪಕ್ಕಕ್ಕೆ ವಾಲಿದ್ದನ್ನು ಕಂಪ್ಯೂಟರ್‌ನಲ್ಲಿ ನೇರ ಮಾಡದೆ ಓದಿದರೆ ಒಂದು ಬದಿ ಕಡಿಮೆ ಇದ್ದಂತೆ ಕಾಣುತ್ತೆ, ಇದು ನಾವು ಆಗಾಗ ನೋಡುವ ಸುಳ್ಳು ಪಾಸಿಟಿವ್.

ಹೊರಡುವ ಹಿಂದಿನ ದಿನ ಫೋನ್ ಮಾಡಿ ಕೇಳಿ: ಔಷಧ ನಾಳೆ ಖಂಡಿತ ತಯಾರಿದೆಯಾ? ಟೆಕ್ನೀಷಿಯಂನ ಅರ್ಧಾಯು (ಅರ್ಧಕ್ಕೆ ಇಳಿಯುವ ಹೊತ್ತು) ಬರೀ 6 ಗಂಟೆ, ಅದನ್ನು ಅವತ್ತೇ ತಯಾರಿಸಿ ಅವತ್ತೇ ಬಳಸಬೇಕು. ಶುದ್ಧತೆಯ ಪರೀಕ್ಷೆಯಲ್ಲಿ ಫೇಲಾದರೆ ಅವತ್ತಿನ ಸ್ಕ್ಯಾನ್ ಇಲ್ಲ. ವಾಪಸ್ ಬಂದ ರಾತ್ರಿ ನೀರು ಚೆನ್ನಾಗಿ ಕುಡಿಯಲಿ, ಬಸುರಿಯರು, ಎಳೆಮಕ್ಕಳನ್ನು ಒತ್ತಿ ಕೂರಿಸಿಕೊಳ್ಳೋದು ಬೇಡ. 24 ಗಂಟೆಗೆ ಹದಿನಾರನೇ ಒಂದು ಭಾಗ ಮಾತ್ರ ಉಳಿದಿರುತ್ತೆ.

ಕುಶಾಲನಗರ ಮೆಡಿಕಲ್ಸ್:
ಲೆವೊಡೋಪಾ 12 ಗಂಟೆ ನಿಲ್ಲಿಸಿ ಖಾಲಿ ಹೊಟ್ಟೆಯಲ್ಲಿ ಹೋಗಬೇಕು ಅಂತ ಒಂದು ಸೂಚನಾ ಹಾಳೆಯಲ್ಲಿ ಓದಿದ್ದೇನೆ. ಅದನ್ನೂ ಹೇಳಿಬಿಡಿ.

ಗಾಮಾ ಕ್ಯಾಮೆರಾ:
ಅದು ಎಫ್-ಡೋಪಾ ಪೆಟ್ ಸ್ಕ್ಯಾನ್‌ನ ಹಾಳೆ ಸಾರ್. ಅಲ್ಲಿ ಕೊಡುವ ಔಷಧ ಲೆವೊಡೋಪಾದ ತಮ್ಮನಿದ್ದಂತೆ, ಎರಡೂ ಒಂದೇ ಬಾಗಿಲಲ್ಲಿ ನುಗ್ಗುತ್ತವೆ. ಆದ್ದರಿಂದ ಹಿಂದಿನ ರಾತ್ರಿಯಿಂದ ಮಾತ್ರೆ ಬೇಡ, ಪ್ರೋಟೀನ್ ಊಟ ಬೇಡ, ಒಂದು ಗಂಟೆ ಮೊದಲು ಕಾರ್ಬಿಡೋಪಾ (ಔಷಧ ಮಿದುಳು ಮುಟ್ಟುವ ಮೊದಲೇ ಬದಲಾಗದಂತೆ ತಡೆಯುವ ಮಾತ್ರೆ). ಟ್ರೋಡ್ಯಾಟ್‌ಗೆ ಇದ್ಯಾವುದೂ ಬೇಡ. ತಿಂಡಿ ತಿಂದು, ಲೆವೊಡೋಪಾ ಹೊತ್ತಿಗೆ ಸರಿಯಾಗಿ ನುಂಗಿ ಬರಲಿ.

ಟ್ರೋಡ್ಯಾಟ್ ಕೆಡಿಸುವ ಮಾತ್ರೆಗಳು ಬೇರೆ: ಬುಪ್ರೊಪಿಯಾನ್ (ಸಿಗರೇಟ್ ಬಿಡಲು, ಖಿನ್ನತೆಗೆ ಕೊಡುತ್ತಾರೆ), ಮೀಥೈಲ್‌ಫೆನಿಡೇಟ್, ಮೊಡಾಫಿನಿಲ್. ಇವು ಅದೇ ಟ್ರಾನ್ಸ್‌ಪೋರ್ಟರ್‌ನಲ್ಲಿ ಕೂತಿರುತ್ತವೆ. ಬುಪ್ರೊಪಿಯಾನ್‌ಗೆ ಸುಮಾರು 8 ದಿನದ ಬಿಡುವು ಬೇಕು, ಅದೂ ಬರೆದುಕೊಟ್ಟ ಡಾಕ್ಟರ್ ಒಪ್ಪಿದರೆ ಮಾತ್ರ.

ನರಮಂಡಲ:
ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಆದರೆ ಟ್ರೋಡ್ಯಾಟ್ ಉತ್ತರಿಸುವ ಪ್ರಶ್ನೆ ಒಂದೇ: ಡೋಪಮಿನ್ ನರತುದಿಗಳು ಸಾಯುತ್ತಿವೆಯೋ ಇಲ್ಲವೋ. ಎಸೆನ್ಷಿಯಲ್ ಟ್ರೆಮರ್ ಅಥವಾ ಔಷಧದಿಂದ ಬಂದ ಪಾರ್ಕಿನ್ಸನಿಸಂ (ಪಾರ್ಕಿನ್ಸನ್‌ನಂಥ ಲಕ್ಷಣಗಳು) ಆದರೆ ಸ್ಕ್ಯಾನ್ ನಾರ್ಮಲ್. ಪಾರ್ಕಿನ್ಸನ್, ಪಿಎಸ್‌ಪಿ, ಎಂಎಸ್‌ಎ ಮೂರರಲ್ಲೂ ಕೆಡುತ್ತೆ, ಯಾವುದು ಎಂದು ಅದು ಹೇಳೋದಿಲ್ಲ. ಲಕ್ಷಣ ಸ್ಪಷ್ಟ ಇದ್ದು ಲೆವೊಡೋಪಾಗೆ ಚೆನ್ನಾಗಿ ಸ್ಪಂದಿಸುತ್ತಿರುವವರಿಗೆ ಇದನ್ನು ಮಾಡಿಸುವುದು ದುಡ್ಡು ದಂಡ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು 'ಮಾತ್ರೆಯಿಂದ ವ್ಯತ್ಯಾಸ ಕಂಡಿಲ್ಲ' ಎಂಬ ಸಾಲು. ಡೋಸ್ ಕಡಿಮೆ ಇರಬಹುದು, ಊಟದ ಜೊತೆ ನುಂಗುತ್ತಿರಬಹುದು. ಅದಕ್ಕಿಂತ ಮೊದಲು ಅವರ ಮನೆಯ ಮಾತ್ರೆ ಡಬ್ಬ ನೋಡಿ. ಗ್ಯಾಸ್‌ಗೆ ಅಂತ ವರ್ಷಗಟ್ಟಲೆ ನುಂಗುವ ಸ್ಟ್ರಿಪ್‌ನ ಹಿಂಬದಿ ಓದಿ, ಲೆವೊಸಲ್ಪಿರೈಡ್ ಅಂತ ಇದೆಯಾ? ತಲೆಸುತ್ತಿಗೆ ಸಿನ್ನಾರಿಝಿನ್, ಫ್ಲುನಾರಿಝಿನ್, ಪ್ರೊಕ್ಲೋರ್‌ಪೆರಾಝಿನ್? ವಾಂತಿಗೆ ಮೆಟೊಕ್ಲೋಪ್ರಮೈಡ್? ಘಾಟಿ ಇಳಿಯುವಾಗ ಯಾವಾಗಲೋ ಒಂದು ಮಾತ್ರೆ ನುಂಗಿದ್ದು ಲೆಕ್ಕಕ್ಕಿಲ್ಲ, ದಿನಾ ನುಂಗುವುದು ಲೆಕ್ಕ. ಇವು ಡೋಪಮಿನ್ ಬಂದು ಕೂರುವ ರಿಸೆಪ್ಟರ್ ಮುಚ್ಚುತ್ತವೆ, ಒಂದು ಕೈಗೆ ಹೆಚ್ಚು ಬರುವುದೂ ಉಂಟು.

ವಿರಾಜಪೇಟೆ ಫಿಸಿಯೋ:
ಈಗಷ್ಟೇ ಸ್ಟ್ರಿಪ್‌ಗಳ ಫೋಟೋ ತರಿಸಿಕೊಂಡೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ತಗೊಳ್ಳೋ ಕ್ಯಾಪ್ಸೂಲ್‌ನಲ್ಲಿ ರಾಬೆಪ್ರಝೋಲ್ ಜೊತೆ ಲೆವೊಸಲ್ಪಿರೈಡ್ 75 ಮಿಲಿಗ್ರಾಂ ಇದೆ. ಮೂರು ವರ್ಷದಿಂದ ಅಂತೆ. ಇದನ್ನು ನಿಲ್ಲಿಸಿದರೆ ಸ್ಕ್ಯಾನ್ ಬೇಡವಾ?

ನರಮಂಡಲ:
ಈಗ ಸ್ಕ್ಯಾನ್‌ಗೆ ಅರ್ಥ ಬಂತು. ಫೋಟೋವನ್ನು ಇವತ್ತೇ ನ್ಯೂರಾಲಜಿಸ್ಟ್‌ಗೆ ಕಳಿಸಿ. ಅವರು ಒಪ್ಪಿದರೆ ಆ ಕ್ಯಾಪ್ಸೂಲ್ ಬದಲು ಬರೀ ಆಸಿಡ್ ಮಾತ್ರೆ ಸಾಕು. ವಾಂತಿ, ಹೊಟ್ಟೆಯುಬ್ಬರಕ್ಕೆ ಬೇಕೇ ಬೇಕಾದರೆ ಡೊಂಪೆರಿಡೋನ್ ಮಿದುಳಿಗೆ ಹೆಚ್ಚು ಇಳಿಯದು, ಆದರೆ ಈ ವಯಸ್ಸಿಗೆ ಇಸಿಜಿ ನೋಡಿಯೇ ಕೊಡಬೇಕು. ಲೆವೊಡೋಪಾ ಕೆಲಸ ಮಾಡದ್ದಕ್ಕೂ ಇದೇ ಕಾರಣ ಇರಬಹುದು, ಒಂದು ಕಡೆ ಕೀಲಿ ಕೊಟ್ಟು ಇನ್ನೊಂದು ಕಡೆ ಬೀಗದ ಕಣ್ಣು ಮುಚ್ಚಿದಂತೆ.

ನಿಲ್ಲಿಸಿದ ಮೇಲೂ ನಡುಕ ಇಳಿಯಲು ವಾರಗಳು, ಕೆಲವರಿಗೆ ಆರು ತಿಂಗಳಿಗೂ ಹೆಚ್ಚು ಬೇಕು. ಕಾಯಲು ಮನೆಯವರು ತಯಾರಿದ್ದರೆ ಕಾದು ನೋಡಬಹುದು. ಬೇಗ ತಿಳಿಯಬೇಕಿದ್ದರೆ ಟ್ರೋಡ್ಯಾಟ್ ಈಗಲೇ ಮಾಡಿಸಿ, ಅದಕ್ಕೆ ಲೆವೊಸಲ್ಪಿರೈಡ್ ಅಡ್ಡಿಯಿಲ್ಲ. ನಾರ್ಮಲ್ ಬಂದರೆ ತಪ್ಪು ಕ್ಯಾಪ್ಸೂಲ್‌ನದ್ದು, ಇಲ್ಲವೇ ಎಸೆನ್ಷಿಯಲ್ ಟ್ರೆಮರ್ ಎನ್ನಬಹುದು. ಬಾಲ ಹೋದ ಚುಕ್ಕೆ ಬಂದರೆ ಒಳಗೆ ಮೊದಲೇ ಶುರುವಾಗಿದ್ದ ಕಾಯಿಲೆಯನ್ನು ಕ್ಯಾಪ್ಸೂಲ್ ಬೇಗ ಹೊರಗೆ ತಂದಿದೆ ಅಂತ. ಆಗಲೂ ಅದನ್ನು ನಿಲ್ಲಿಸಲೇಬೇಕು, ಲೆವೊಡೋಪಾ ಮುಂದುವರಿಯುತ್ತೆ.

3 ಟೆಸ್ಲಾ ಈಗ ಬೇಡ. ಹಳೇ ಸಿಡಿ ಟ್ರೋಡ್ಯಾಟ್ ದಿನ ಜೊತೆಗಿರಲಿ, ರಿಪೋರ್ಟ್ ಬರೆಯುವವರು ಪಕ್ಕದಲ್ಲಿಟ್ಟು ನೋಡ್ತಾರೆ. ಪ್ಯುಟಮೆನ್‌ನಲ್ಲಿ ಹಳೇ ಸ್ಟ್ರೋಕ್ ಇದ್ದರೂ ಬಾಲ ಕತ್ತರಿಸಿದಂತೆಯೇ ಕಾಣುತ್ತೆ.