ಸಿ ಇಂಟರ್‌ಪ್ರಿಟರ್ ಬರೆಯಲು ಕೂತೆ, ಎರಡನೇ ಸಾಲಿಗೇ ನಿಂತುಹೋಯಿತು

ಲ್ಯಾಬ್‌ಮೇಷ್ಟ್ರು:
ನಾನು ಡಿಪ್ಲೊಮಾ ಮಕ್ಕಳಿಗೆ ಸಿ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ಪಾಯಿಂಟರ್ (ಮೆಮೊರಿ ವಿಳಾಸ ಹಿಡಿದಿಡುವ ವೇರಿಯೇಬಲ್) ಬಂದಾಗಲೆಲ್ಲ ಒಂದೇ ಗೋಳು. ಒಂದು ಸಾಲು ಬದಲಿಸಿದರೂ ಸೇವ್ ಮಾಡಿ, ಕಂಪೈಲ್ ಮಾಡಿ, ರನ್ ಮಾಡಬೇಕು. ಅಷ್ಟರಲ್ಲಿ ಕೊನೇ ಬೆಂಚು ಫೋನ್ ತೆಗೆದಿರುತ್ತದೆ. ಪೈಥಾನ್ ಥರ ಸಾಲು ಹೊಡೆದ ಕೂಡಲೇ ಉತ್ತರ ಬರಲಿ ಅಂತ ನಾನೇ ಒಂದು ಇಂಟರ್‌ಪ್ರಿಟರ್ ಬರೆಯಲು ಕೂತೆ.

ಉಬುಂಟು 22.04, ಕಂಪೈಲರ್ ಕಟ್ಟುವ ಲೈಬ್ರರಿಗಳ ಗುಂಪಾದ ಎಲ್‌ಎಲ್‌ವಿಎಂ 14. ಹೊಡೆದ ಸಾಲನ್ನು ಒಂದು ಫಂಕ್ಷನ್ ಒಳಗಿಟ್ಟು, ಎಲ್‌ಎಲ್‌ವಿಎಂನದೇ ಸಿ ಕಂಪೈಲರ್ ಆದ ಕ್ಲ್ಯಾಂಗ್‌ನ ಲೈಬ್ರರಿಗೆ ಕೊಡುತ್ತೇನೆ. ಅದು ಕೊಡುವ ಐಆರ್ (ಮಧ್ಯಂತರ ಕೋಡ್) ಮಾಡ್ಯೂಲನ್ನು ಎಲ್‌ಎಲ್‌ಜಿಟ್‌ಗೆ, ಅಂದರೆ ಅದನ್ನು ಮೆಮೊರಿಯಲ್ಲೇ ಮಷೀನ್ ಕೋಡ್ ಮಾಡುವ ಜಿಟ್‌ಗೆ ಹಾಕಿ, ಫಂಕ್ಷನ್ ವಿಳಾಸ ಪಡೆದು ಕಾಲ್ ಮಾಡುತ್ತೇನೆ. ಎರಡಕ್ಕೆ ಮೂರು ಕೂಡಿಸಿದೆ, ಐದು ಬಂತು. ರಾತ್ರಿ ಹನ್ನೊಂದೂವರೆಗೆ ಒಬ್ಬನೇ ಚಪ್ಪಾಳೆ ಹೊಡೆದೆ. ಮನೆಯವಳು ಎದ್ದು ಬಂದು ನೋಡಿ ಹೋದಳು.

ಖುಷಿ ಅಲ್ಲಿಗೇ ಮುಗಿಯಿತು. ಎಸ್‌ಟಿಡಿಐಒ.ಎಚ್ ಹೆಡರ್ (ಡಿಕ್ಲರೇಷನ್‌ಗಳಿರುವ ಫೈಲ್) ಸೇರಿಸಿದರೆ ಎಸ್‌ಟಿಡಿಡೆಫ್.ಎಚ್ ಸಿಗಲಿಲ್ಲ ಅನ್ನುತ್ತದೆ. ಹೆಡರ್ ಬಿಟ್ಟು, ತೆರೆಗೆ ಬರೆಯುವ ಪ್ರಿಂಟ್‌ಎಫ್ ಫಂಕ್ಷನ್ನನ್ನು ನಾನೇ ಡಿಕ್ಲೇರ್ ಮಾಡಿದರೆ ಆ ಸಿಂಬಲ್ಲೇ (ಆ ಹೆಸರೇ) ಇಲ್ಲ ಅನ್ನುತ್ತದೆ. ಮೊದಲ ಸಾಲಿನಲ್ಲಿ ಡಿಕ್ಲೇರ್ ಮಾಡಿದ ಎಕ್ಸ್ ಎಂಬ ವೇರಿಯೇಬಲ್ ಎರಡನೇ ಸಾಲಿಗೆ ಗೊತ್ತೇ ಇಲ್ಲ. ಎಲ್ಲಿ ಎಡವುತ್ತಿದ್ದೇನೆ?

ಬಾಣಲೆ:
ಮೇಷ್ಟ್ರೇ, ಮೂರೂ ಬೇರೆ ಬೇರೆ ಕಾಯಿಲೆ.

ಎಸ್‌ಟಿಡಿಡೆಫ್ ಕ್ಲ್ಯಾಂಗ್ ತನ್ನ ಜೊತೆಗೇ ತರುವ ಹೆಡರ್. ತನ್ನ ಬೈನರಿ ಎಲ್ಲಿದೆಯೋ ಅಲ್ಲಿಂದ ದಾರಿ ಲೆಕ್ಕ ಹಾಕಿ ಹುಡುಕುತ್ತದೆ. ನಿಮ್ಮ ಬೈನರಿ ಇರುವುದು ಹೋಮ್ ಫೋಲ್ಡರಿನಲ್ಲಿ, ಅಲ್ಲೆಲ್ಲಿ ಸಿಗಬೇಕು? ಕ್ಲ್ಯಾಂಗ್‌ಗೆ ಪ್ರಿಂಟ್-ರಿಸೋರ್ಸ್-ಡಿರ್ ಆಪ್ಷನ್ ಕೊಟ್ಟರೆ ಸರಿಯಾದ ಪಾತ್ ಹೇಳುತ್ತದೆ. ಅದನ್ನೇ ರಿಸೋರ್ಸ್-ಡಿರ್ ಅಂತ ನಿಮ್ಮ ಕೋಡಿನಲ್ಲಿ ಕೊಡಿ.

ಪ್ರಿಂಟ್‌ಎಫ್ ನಿಮ್ಮ ಪ್ರೋಸೆಸ್‌ನಲ್ಲೇ ಇದೆ. ಆದರೆ 14ರಲ್ಲಿ ಜಿಟ್ ತಾನಾಗಿ ಅಲ್ಲಿ ನೋಡುವುದಿಲ್ಲ. ಅಲ್ಲಿ ಸಿಂಬಲ್ ಹುಡುಕಿಕೊಡುವ ಡೈನಾಮಿಕ್‌ಲೈಬ್ರರಿಸರ್ಚ್‌ಜನರೇಟರ್ ಅನ್ನು ಗೆಟ್‌ಫಾರ್‌ಕರೆಂಟ್‌ಪ್ರೋಸೆಸ್ ಮೂಲಕ ಮಾಡಿ ಜಿಟ್‌ಗೆ ಸೇರಿಸಿ.

ಎಕ್ಸ್‌ದೇ ನಿಜವಾದ ತಲೆನೋವು. ಅದು ಫಂಕ್ಷನ್ ಒಳಗಿನ ವೇರಿಯೇಬಲ್, ಫಂಕ್ಷನ್ ಮುಗಿದರೆ ಹೋಯಿತು. ಹೊರಗೆ ತಂದು ಗ್ಲೋಬಲ್ ಮಾಡಿ. ಮುಂದಿನ ಪ್ರತಿ ಮಾಡ್ಯೂಲ್ ತಲೆಗೂ ಅದರ ಎಕ್ಸ್‌ಟರ್ನ್ ಡಿಕ್ಲರೇಷನ್ (ಇದು ಬೇರೆ ಕಡೆ ಇದೆ ಅನ್ನುವ ಸಾಲು) ಅಂಟಿಸಿ. ಸ್ಟ್ಯಾಟಿಕ್ ಬೇಡ, ಪಕ್ಕದ ಮಾಡ್ಯೂಲಿಗೆ ಕಾಣುವುದಿಲ್ಲ. ಇನ್ನೊಂದು, ಸಿಯಲ್ಲಿ ಗ್ಲೋಬಲ್‌ಗೆ 'ಎಕ್ಸ್ ಪ್ಲಸ್ ಒಂದು' ಅಂತ ಆರಂಭದ ಬೆಲೆ ಕೊಡಲು ಬರಲ್ಲ, ಕಾನ್‌ಸ್ಟಂಟೇ ಬೇಕು. ಹಾಗಾಗಿ ಡಿಕ್ಲೇರ್ ಹೊರಗೆ, ಅಸೈನ್ ಫಂಕ್ಷನ್ ಒಳಗೆ. ಫಂಕ್ಷನ್ ಹೆಸರಿಗೆ ನಂಬರ್ ಹಾಕುತ್ತಾ ಹೋಗಿ, ಇಲ್ಲದಿದ್ದರೆ ಡೂಪ್ಲಿಕೇಟ್ ಅಂತ ಬೈಸಿಕೊಳ್ಳುತ್ತೀರಿ.

ಹಳೇಗೂಬೆ:
ಇಷ್ಟಕ್ಕೆ ಎಲ್‌ಎಲ್‌ವಿಎಂ ಯಾಕೆ ಸಾರ್, ಸೊಳ್ಳೆಗೆ ಒನಕೆ! ಫ್ಯಾಬ್ರಿಸ್ ಬೆಲ್ಲಾರ್ಡ್ ಬರೆದ ಪುಟ್ಟ ಸಿ ಕಂಪೈಲರ್ ಟಿಸಿಸಿ ನೋಡಿ. ಅದರ ಲೈಬ್ರರಿ ಲಿಬ್‌ಟಿಸಿಸಿಗೆ ಕೋಡನ್ನು ಸ್ಟ್ರಿಂಗ್ ಆಗಿ ಕೊಟ್ಟರೆ ಮೆಮೊರಿಯಲ್ಲೇ ಕಂಪೈಲ್ ಮಾಡಿ ಕೊಡುತ್ತದೆ. ಆಪ್ಟಿಮೈಸೇಷನ್ ಇಲ್ಲವೇ ಇಲ್ಲ ಅನ್ನಬಹುದು, ಲ್ಯಾಬಿಗೆ ಬೇಕೂ ಇಲ್ಲ ಅಲ್ವಾ? ಹಳೆಯ ವೇರಿಯೇಬಲ್‌ಗಳ ವಿಳಾಸವನ್ನು ಪ್ರತಿ ಹೊಸ ಸ್ಟೇಟ್‌ಗೆ (ಲಿಬ್‌ಟಿಸಿಸಿಯ ಒಂದು ಕಂಪೈಲ್ ಸುತ್ತಿಗೆ) ಟಿಸಿಸಿ-ಆಡ್-ಸಿಂಬಲ್‌ನಿಂದ ತಿಳಿಸಿದರೆ ಆಯಿತು. ರೆಡಿಮೇಡ್ ಇಂಟರ್‌ಪ್ರಿಟರ್ ಬೇಕಿದ್ದರೆ ಕ್ಲ್ಯಾಂಗ್-ರೆಪಲ್ ಇದೆ, 2021ರಲ್ಲಿ ಎಲ್‌ಎಲ್‌ವಿಎಂ 13ರ ಜೊತೆ ಬಂತು. ಅದರ ಮುಖ್ಯ ಗಮನ ಸಿ++ ಕಡೆಗೆ.

ಲ್ಯಾಬ್‌ಮೇಷ್ಟ್ರು:
ಬಾಣಲೆಯವರೇ, ಮೂರೂ ವಾಸಿಯಾದವು. ಗೂಬೆಯವರೇ, ಟಿಸಿಸಿ ನೋಡುತ್ತೇನೆ, ಆದರೆ ಇಷ್ಟು ಒದ್ದಾಡಿದ ಮೇಲೆ ಇದನ್ನು ಬಿಡಲು ಮನಸ್ಸಿಲ್ಲ.

ನಿನ್ನೆ ಮಕ್ಕಳ ಕೈಗೆ ಕೊಟ್ಟೆ. ಎರಡೇ ನಿಮಿಷದಲ್ಲಿ ಒಬ್ಬಳು ನಲ್ ಪಾಯಿಂಟರ್ (ಯಾವ ವಿಳಾಸವನ್ನೂ ತೋರಿಸದ ಪಾಯಿಂಟರ್) ಮೂಲಕ ಓದಲು ಹೋದಳು, ಇಂಟರ್‌ಪ್ರಿಟರ್ ಸಮೇತ ಮಲಗಿತು. ಅದೇ ಪ್ರೋಸೆಸ್‌ನಲ್ಲಿ ಓಡುವಾಗ ಇನ್ನೇನಾಗುತ್ತದೆ! ಈಗ ಸರಿಯಾಗಿ ಓಡಿದ ಸಾಲುಗಳನ್ನು ಒಂದು ಫೈಲಿಗೆ ಬರೆದಿಡುತ್ತೇನೆ. ಬಿದ್ದರೆ ಮತ್ತೆ ಎದ್ದು ಅವನ್ನೇ ಓಡಿಸಿಕೊಳ್ಳುತ್ತದೆ. ಸ್ಕ್ಯಾನ್‌ಎಫ್ ಇದ್ದರೆ ಮಾತ್ರ ಮತ್ತೆ ಇನ್‌ಪುಟ್ ಕೇಳುತ್ತದೆ. ಅದಕ್ಕೆ ಯಾರಾದರೂ ಉಪಾಯ ಹೇಳಿ.