ವಿತ್ತೀಯ ನೀತಿ, ಹಣಕಾಸು ನೀತಿ: ಯಾವುದು ಯಾರದ್ದು?

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಿಂದ ಒಂದು ಪದದ ಪ್ರಶ್ನೆ.

ಪತ್ರಿಕೆಗಳಲ್ಲಿ ಸರ್ಕಾರದ ಖರ್ಚು ವರಮಾನ ಮೀರಿದರೆ ‘ವಿತ್ತೀಯ ಕೊರತೆ’. ರಿಸರ್ವ್ ಬ್ಯಾಂಕಿನಲ್ಲಿ ಬಡ್ಡಿ ದರ ತೀರ್ಮಾನಿಸುವ ಆರು ಜನರದ್ದು ‘ಹಣಕಾಸು ನೀತಿ ಸಮಿತಿ’. ಆದರೆ ಬಜೆಟ್ ಮಂಡಿಸುವವರು ಒಂದು ಪುಟದಲ್ಲಿ ವಿತ್ತ ಸಚಿವೆ, ಇನ್ನೊಂದು ಪುಟದಲ್ಲಿ ಹಣಕಾಸು ಸಚಿವೆ. ಹಾಗಿದ್ದರೆ ಹಣಕಾಸು ನೀತಿ ಹಣಕಾಸು ಸಚಿವರದ್ದೇ ಅಂತ ಓದುವವರು ತಿಳಿದುಕೊಳ್ಳುತ್ತಾರೆ, ಅಲ್ವಾ?

ಸರ್ಕಾರದ ನೀತಿ, ರಿಸರ್ವ್ ಬ್ಯಾಂಕಿನ ನೀತಿ ಎರಡೂ ಒಂದೇ ರೀತಿ ಕೆಲಸ ಮಾಡಿದ್ದರೆ ಪರವಾಗಿರಲಿಲ್ಲ. ರಿಸರ್ವ್ ಬ್ಯಾಂಕ್ ರೆಪೊ ದರ (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ) ಏರಿಸಿದರೆ ಸಾಲ ತುಟ್ಟಿಯಾಗುತ್ತದೆ, ಹೊಸ ಕಾರ್ಖಾನೆ ಹಾಕುವವರು ಮುಂದಕ್ಕೆ ಹಾಕುತ್ತಾರೆ, ನಿರುದ್ಯೋಗ ಏರಬಹುದು. ಅದೇ ಹೊತ್ತಿಗೆ ಬಡ್ಡಿಯ ಆಸೆಗೆ ಹೊರಗಿನ ಹಣ ಬಂದು ರೂಪಾಯಿ ಗಟ್ಟಿಯಾಗಬಹುದು. ಸರ್ಕಾರ ಸಾಲ ಮಾಡಿ ರಸ್ತೆ, ಕೆರೆ ಅಂತ ಖರ್ಚು ಮಾಡಿದರೆ ಕೆಲಸ ಹುಟ್ಟುತ್ತದೆ. ಆಗ ರೂಪಾಯಿ ಎತ್ತ ಹೋಗುತ್ತದೆ ಅನ್ನುವುದು ಅಷ್ಟು ಸಲೀಸಲ್ಲ. ಕೈಯಲ್ಲಿ ದುಡ್ಡು ಓಡಾಡಿ ಆಮದು ಜಾಸ್ತಿಯಾದರೆ ಇಳಿಯುತ್ತದೆ, ಸರ್ಕಾರದ ಸಾಲದಿಂದಲೇ ಬಡ್ಡಿ ಏರಿದರೆ ಏರಲೂಬಹುದು. ಹೆಸರು ಕಲಸಿಹೋದರೆ ಯಾರನ್ನು ಕೇಳಬೇಕು ಅನ್ನುವುದೂ ಕಲಸಿಹೋಗುತ್ತದೆ.

ನಮ್ಮ ಕಾಫಿ ಸೀಮೆಗೆ ರೂಪಾಯಿಯ ಏರಿಳಿತ ನೇರವಾಗಿ ತಟ್ಟುತ್ತದೆ. ಅರೇಬಿಕಾ ಕಾಫಿಯ ದರ ನ್ಯೂಯಾರ್ಕಿನಲ್ಲಿ, ರೋಬಸ್ಟಾ ದರ ಲಂಡನ್ನಿನಲ್ಲಿ, ಎರಡೂ ಡಾಲರ್ ಲೆಕ್ಕ. ಅಲ್ಲಿ ದರ ಅಲುಗಾಡದಿದ್ದರೂ ಡಾಲರ್ ಏರಿದರೆ ವ್ಯಾಪಾರಿಯ ಬೋರ್ಡಿನಲ್ಲಿ 50 ಕೆ.ಜಿ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಮೂಟೆಯ ದರ ಏರಬಹುದು. ಹಾಗಂತ ಅದೆಲ್ಲಾ ಲಾಭ ಅಲ್ಲ, ಪೊಟ್ಯಾಷ್ ಗೊಬ್ಬರವೂ ಡೀಸೆಲ್ ತಯಾರಿಸುವ ಕಚ್ಚಾ ತೈಲವೂ ಡಾಲರ್ ಕೊಟ್ಟು ತರುವಂಥದ್ದೇ. 2022ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಶೇ 4ರ ಮೇಲಕ್ಕೆ ಒಯ್ದಿತು, ಕಚ್ಚಾ ತೈಲದ ಬೆಲೆಯೂ ಸೇರಿಕೊಂಡಿತು, ವರ್ಷದ ಶುರುವಿನಲ್ಲಿ 74 ರೂಪಾಯಿ ಆಸುಪಾಸು ಇದ್ದ ಡಾಲರ್ ಅಕ್ಟೋಬರ್ ಹೊತ್ತಿಗೆ 83 ಮುಟ್ಟಿತು.

ಇದಕ್ಕೆ ತೋಟದವರು ಹೇಳುವುದು ‘ಡಾಲರ್ ಏರಿತು’. ಕೆಲವು ವರದಿಗಳಲ್ಲಿ ಮಾತ್ರ ‘ರೂಪಾಯಿ ಅಪಮೌಲ್ಯ’. ಇದು ತಪ್ಪು ಬಳಕೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಅಪಮೌಲ್ಯ ಅಂದರೆ ಸರ್ಕಾರವೇ ತೀರ್ಮಾನಿಸಿ ಬೆಲೆ ಇಳಿಸುವುದು: 1966ರ ಜೂನ್‌ನಲ್ಲಿ ಡಾಲರಿಗೆ 4.76 ಇದ್ದದ್ದು 7.50 ಆಯಿತಲ್ಲ, 1991ರ ಜುಲೈನಲ್ಲಿ ಎರಡು ಸಲ ಇಳಿಸಿದರಲ್ಲ, ಅದು. 1993ರಿಂದ ದರ ತೀರ್ಮಾನವಾಗುವುದು ಮಾರುಕಟ್ಟೆಯಲ್ಲಿ. ರಿಸರ್ವ್ ಬ್ಯಾಂಕ್ ಆಗಾಗ ಡಾಲರ್ ಮಾರಿ, ಕೊಂಡು ನಡುವೆ ಕೈ ಹಾಕುತ್ತದೆ, ಅಷ್ಟೆ. ಈಗಿನದ್ದಕ್ಕೆ ‘ಇಳಿಕೆ’ ಸಾಕು. ಹತ್ತು ಪೈಸೆ ಹೋದರೂ ‘ಕುಸಿತ’ ಅನ್ನುವುದು ಅತಿಯಾಯಿತು.

ಮೊದಲು ಹೇಳಿದ ವಿತ್ತೀಯ ನೀತಿ, ಹಣಕಾಸು ನೀತಿ ಜೋಡಿಗೆ ಬದಲಾಗಿ ನನಗೆ ಹೊಳೆದದ್ದು ‘ಬೊಕ್ಕಸ ನೀತಿ’ ಮತ್ತು ‘ಬಡ್ಡಿ ನೀತಿ’. ಬೊಕ್ಕಸ ಅಂದರೆ ಸರ್ಕಾರದ ದುಡ್ಡು ಅಂತ ಎಲ್ಲರಿಗೂ ಗೊತ್ತು, ತೆರಿಗೆ, ಖರ್ಚು, ಸಾಲ ಮೂರೂ ಅದರಲ್ಲಿ ಬರುತ್ತವೆ. ‘ಬಡ್ಡಿ ನೀತಿ’ ಸ್ವಲ್ಪ ಇಕ್ಕಟ್ಟು, ಯಾಕೆಂದರೆ ಬ್ಯಾಂಕುಗಳು ಎಷ್ಟು ನಗದು ಮೀಸಲಿಡಬೇಕು ಅನ್ನುವುದನ್ನೂ ರಿಸರ್ವ್ ಬ್ಯಾಂಕೇ ಹೇಳುತ್ತದೆ, ಅದು ಈ ಪದದೊಳಗೆ ಹಿಡಿಸುವುದಿಲ್ಲ. ‘ಹಣ ನೀತಿ’ ಅಂದರೆ ಆದೀತಾ? ಹಾಸನ, ಸಕಲೇಶಪುರ ಕಡೆ ಪಿಯುಸಿಗೆ ಅರ್ಥಶಾಸ್ತ್ರ ಪಾಠ ಮಾಡುವ ಮೇಷ್ಟ್ರು, ಮೇಡಂಗಳು ಇದ್ದರೆ, ತರಗತಿಯಲ್ಲಿ ಯಾವ ಪದ ಹೇಳಿದರೆ ಮಕ್ಕಳು ಥಟ್ಟನೆ ಹಿಡಿಯುತ್ತಾರೆ ತಿಳಿಸಿ.